ಯೋಗ ಮ್ಯಾಟಿನ ವಾಸನೆ: ವಿನೆಗರ್, ಸೋಡಾ, ನಿಂಬೆ ಎಲ್ಲ ಸೋತಿವೆ, ಇನ್ನೆಂತ ಮಾಡುವುದು?

ಕುಂಜಿಬೆಟ್ಟಿನಕ್ಕ
ಜುಲೈ 9, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಕುಂಜಿಬೆಟ್ಟಿನಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಆರು ಗಂಟೆಗೆ ನಮ್ಮ ಮನೆಯ ಚಾವಡಿಯಲ್ಲಿ ಅಕ್ಕಪಕ್ಕದ ಆರು ಮಂದಿ ಹೆಂಗಸರು ಮತ್ತು ನಾನು ಸೇರಿ ಯೋಗ ಮಾಡುತ್ತೇವೆ. ನಾನು ಟೀಚರ್ ಅಲ್ಲ. ಎಲ್ಲರಿಗಿಂತ ಮೊದಲು ಕಲಿತವಳು ನಾನು, ಚಾವಡಿಯೂ ನಮ್ಮದು, ಹಾಗಾಗಿ ಯಜಮಾನಿಕೆ ನನ್ನ ತಲೆಗೆ ಬಿತ್ತು. ಮ್ಯಾಟುಗಳೂ ನಮ್ಮಲ್ಲೇ ಇರುತ್ತವೆ. ದಿನಾ ಹೊತ್ತುಕೊಂಡು ಹೋಗುವುದು ಯಾರು, ಒಂದು ಕೈಯಲ್ಲಿ ಕೊಡೆ ಬೇರೆ. ಸುತ್ತಿ ಗೋಡೆಗೆ ಒರಗಿಸಿ ಇಡುತ್ತೇವೆ.

ಏಳು ಮ್ಯಾಟು. ನಾಲ್ಕು ನೇರಳೆ ಬಣ್ಣದ ಫೋಮಿನವು, ಕಳೆದ ವರ್ಷ ಜೂನ್ 21ರ ಯೋಗ ದಿನಕ್ಕೆ ಒಟ್ಟಿಗೆ ತೆಗೆದದ್ದು. ಎರಡು ದಪ್ಪ ಪಿವಿಸಿ. ಒಂದು ರಬ್ಬರಿನದ್ದು, ಮಗಳು ಬೆಂಗಳೂರಿಂದ ತಂದುಕೊಟ್ಟದ್ದು, ಅದರ ರೇಟು ಕೇಳಿ ನಾನು ಎರಡು ದಿನ ಅದರ ಮೇಲೆ ಕಾಲಿಟ್ಟಿರಲಿಲ್ಲ.

(ಯೋಗ ದಿನವನ್ನು ಜೂನ್ 21ಕ್ಕೆ ಇಟ್ಟವರು ನಮ್ಮ ಕರಾವಳಿಯ ಕಡೆ ನೋಡಿದ ಹಾಗೆ ಕಾಣುವುದಿಲ್ಲ. ಎಲ್ಲರೂ ಹೊಸ ಮ್ಯಾಟು ತೆಗೆಯುವುದು ಆಗಲೇ, ಮಳೆ ಹಿಡಿದು ಬಟ್ಟೆ ಒಣಗದೆ ಇರುವುದೂ ಆಗಲೇ.)

ಈಗ ವಿಷಯ ಎಂತ ಅಂದರೆ ವಾಸನೆ. ಶವಾಸನದಲ್ಲಿ ಸುಮ್ನೆ ಮಲಗಿ ಉಸಿರು ಗಮನಿಸಿ ಅಂತ ಹೇಳುತ್ತೇನೆ. ಗಮನಿಸಿದರೆ ಎದ್ದು ಓಡಬೇಕು ಅನಿಸುತ್ತದೆ. ಬಾಲಾಸನದಲ್ಲಿ ಹಣೆ ನೆಲಕ್ಕೆ ತಾಗಿಸಲು ಯಾರೂ ತಯಾರಿಲ್ಲ.

ಇಷ್ಟು ಮಾಡಿ ನೋಡಿದೆ:

ಒಂದು ವೀಡಿಯೋದಲ್ಲಿ ತೋರಿಸಿದ ಹಾಗೆ ಸ್ಪ್ರೇ ಬಾಟಲಿಗೆ ಅರ್ಧ ವಿನೆಗರ್, ಅರ್ಧ ನೀರು, ಎರಡು ಚಮಚ ಅಡುಗೆ ಸೋಡಾ. ಭುಸ್ಸೆಂದು ನೊರೆ ಎದ್ದಿತು. ಕೊಳೆಗೆಲ್ಲ ಇವತ್ತು ಗತಿ ಕಂಡಿತು ಅಂದುಕೊಂಡೆ. ಎರಡು ದಿನ ವಿನೆಗರ್ ವಾಸನೆ ಬಂತು, ಮೂರನೇ ದಿನ ಹಳೆಯದೇ.

ನಿಂಬೆಹಣ್ಣು ಉಜ್ಜಿದೆ. ಇರುವೆ ಬಂತು.

ಬಿಸಿಲಿಗೆ ಹಾಕಿ ಅಂತ ದಯವಿಟ್ಟು ಹೇಳಬೇಡಿ. ಬಿಸಿಲು ನೋಡಿ ಹದಿನೈದು ದಿನ ಆಯಿತು.

ಅಂಗಡಿಯ ಸ್ಪ್ರೇ ಬೇಡ. ನಮ್ಮಲ್ಲಿ ಒಬ್ಬರಿಗೆ ಉಬ್ಬಸ ಉಂಟು, ಸೆಂಟಿನ ವಾಸನೆ ಅವರಿಗೆ ಆಗುವುದಿಲ್ಲ. ಮನೆಯಲ್ಲೇ ಇರುವುದರಲ್ಲಿ ಎಂತಾದರೂ ದಾರಿ ಉಂಟಾ? ಹಿತ್ತಿಲಲ್ಲಿ ಬಿಂಬುಳಿ ಅನ್ನುವ ಹುಳಿ ಕಾಯಿ ಬೇಕಾದಷ್ಟು ಉಂಟು, ಹಿತ್ತಾಳೆಗೆ ಅದೇ ಉಜ್ಜುವುದು ನಾವು. ಮ್ಯಾಟಿಗೂ ಆಗುತ್ತದಾ?


ಸುರತ್ಕಲ್ ಹುಡುಗ
ಜುಲೈ 9, ಮಧ್ಯಾಹ್ನ

ಅಕ್ಕ, ಉತ್ತರ ಗೊತ್ತಿಲ್ಲ, ಆದರೆ ಎಂತ ಮಾಡಬಾರದು ಅಂತ ಹೇಳಬಲ್ಲೆ. ನಾನು ರೂಮಿನಲ್ಲಿ ಸೋಡಾ ಮುಗಿದಿದೆ ಅಂತ ಬೇಕಿಂಗ್ ಪೌಡರ್ ಉದುರಿಸಿದೆ. ಎರಡೂ ಒಂದೇ ಅಂದುಕೊಂಡಿದ್ದೆ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಂಟು ಅಂಟು, ದೋಸೆ ಹಿಟ್ಟು ಚೆಲ್ಲಿದ ಹಾಗೆ. ಆಮೇಲೆ ಅಮ್ಮ ಹೇಳಿದರು, ಅದರಲ್ಲಿ ಜೋಳದ ಹಿಟ್ಟು ಇರುತ್ತದೆ ಅಂತ. ಒಂದೇ ವಾರದಲ್ಲಿ ಅದರ ಮೇಲೆ ಬೂಷ್ಟು. ನಾನೇ ಊಟ ಹಾಕಿ ಸಾಕಿದ ಹಾಗಾಯಿತು.


ಬಿಜೈ ಬಾಯಿ
ಜುಲೈ 9, ಸಂಜೆ

ಕುಂಜಿಬೆಟ್ಟಿನಕ್ಕ, ನಿಮ್ಮ ವಿನೆಗರ್ ಯಾವುದು? ನಮ್ಮ ಮನೆಯಲ್ಲಿ ಎರಡು ಬಾಟಲಿ ಇರುತ್ತದೆ. ಅಡುಗೆಗೆ ಕಳ್ಳಿನ ಶಿರ್ಕೊ, ಒರೆಸಲು ಅಂಗಡಿಯ ಬಿಳಿ ವಿನೆಗರ್. ಒಮ್ಮೆ ನಮ್ಮವರು ಸಹಾಯ ಮಾಡುತ್ತೇನೆ ಅಂತ ಹೊರಟು ಶಿರ್ಕೊ ಹಾಕಿ ಮ್ಯಾಟು ಒರೆಸಿದರು. ಮ್ಯಾಟಿನ ಮೇಲೆ ಕುಳಿತರೆ ಕ್ರಿಸ್ಮಸ್ಸಿನ ಹಂದಿ ಮಾಂಸದ ನೆನಪು, ಪ್ರಾಣಾಯಾಮ ಹೇಗೆ ಮಾಡುವುದು ಹೇಳಿ.

ಬಿಳಿ ವಿನೆಗರ್ ಆದರೆ ಒಂದು ಪಾಲಿಗೆ ಮೂರು ನಾಲ್ಕು ಪಾಲು ನೀರು ಸಾಕು. ಅರ್ಧಕ್ಕರ್ಧ ಜಾಸ್ತಿಯಾಯಿತು. ಮತ್ತೆ ರಬ್ಬರ್ ಮ್ಯಾಟಿಗೆ ಅದನ್ನು ಹಾಕಲೇ ಬೇಡಿ. ನನ್ನದರ ಜೊತೆ ಬಂದ ಚೀಟಿಯಲ್ಲಿ ಬರೆದಿತ್ತು: ಹುಳಿ ಬೇಡ, ಎಣ್ಣೆ ಬೇಡ, ಬಿಸಿಲು ಬೇಡ. ಮಗುವಿಗಿಂತ ಸೂಕ್ಷ್ಮ.


ಪರ್ಕಳ ಮಾಷ್ಟ್ರು
ಜುಲೈ 9, ರಾತ್ರಿ

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು, ಯೋಗ ಮಾಡುವವನಲ್ಲ. ಆದರೂ ಕೇಳುತ್ತೇನೆ.

ವಾಸನೆ ಎಂಥದ್ದು ಅಂತ ನೀವು ಹೇಳಲೇ ಇಲ್ಲ. ಮುಗ್ಗುಲೋ, ಕಮಟೋ? ನಮ್ಮ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಮಾತು ಸುಮ್ನೆ ಇಟ್ಟಿಲ್ಲ. ಮುಚ್ಚಿಟ್ಟ ಪೆಟ್ಟಿಗೆಯ ಬಟ್ಟೆಯದ್ದು ಮುಗ್ಗುಲು. ಹಳೇ ಹಪ್ಪಳದ್ದು ಕಮಟು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಒಂದೊಂದು ಮ್ಯಾಟನ್ನೂ ಮೂಸಿ ಬಂದು ಹೇಳಿ. ತಲೆಯ ಕಡೆ, ಕಾಲಿನ ಕಡೆ, ಅಡಿಬದಿ, ಮೂರೂ ಕಡೆ.


ಕುಂಜಿಬೆಟ್ಟಿನಕ್ಕ
ಜುಲೈ 10

ಮಾಷ್ಟ್ರೇ, ನಿಮ್ಮ ಹೋಮ್‌ವರ್ಕ್ ಮುಗಿಸಿದೆ. ಏಳು ಮ್ಯಾಟನ್ನೂ ಚಾವಡಿಯಲ್ಲಿ ಹಾಸಿ ಮೊಣಕಾಲೂರಿ ಮೂಸುತ್ತಾ ಹೋದೆ. ಹಾಲಿನವನು ಬಂದು ಗೇಟಿನ ಹತ್ತಿರ ನಿಂತು ನೋಡುತ್ತಿದ್ದ. ಅವನು ಎಂತದೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವರದಿ ಹೀಗೆ. ಅಡಿಬದಿ ಏಳಕ್ಕೆ ಏಳೂ ಮುಗ್ಗುಲು. ಗೋಡೆಗೆ ತಾಗುತ್ತಿದ್ದ ಕಡೆ ಸಾಸಿವೆಯಷ್ಟು ದೊಡ್ಡ ಕಪ್ಪು ಚುಕ್ಕಿಗಳೂ ಉಂಟು. ಆದರೆ ಮೇಲ್ಬದಿಯಲ್ಲಿ ತಲೆ ಬರುವ ಕಡೆ ಕಮಟು! ಅದರಲ್ಲೂ ಎರಡು ಮ್ಯಾಟಿನಲ್ಲಿ ವಿಪರೀತ. ಕೈಯಲ್ಲಿ ಉಜ್ಜಿದರೆ ಸ್ವಲ್ಪ ಜಿಡ್ಡು. ಕಾಲಿನ ಕಡೆ ಅಷ್ಟೇನಿಲ್ಲ.

ನೀವು ಕೇಳುವವರೆಗೆ ನನಗೆ ಅದು ಒಂದೇ ವಾಸನೆ ಅಂತ ಇತ್ತು.


ಪರ್ಕಳ ಮಾಷ್ಟ್ರು
ಜುಲೈ 10, ರಾತ್ರಿ

ಹಾಗಾದರೆ ನಿಮ್ಮ ಬಳಗದಲ್ಲಿ ಎಷ್ಟು ಮಂದಿ ತಲೆಗೆ ತೆಂಗಿನೆಣ್ಣೆ ಹಾಕಿ ಬರುತ್ತಾರೆ ಅಂತ ಕೇಳುವ ಅಗತ್ಯ ಇಲ್ಲ.

ಒಣಗಿದ ಜಾಗದಲ್ಲಿ ತೆಂಗಿನೆಣ್ಣೆ ಬೇಗ ಕೆಡುವುದಿಲ್ಲ. ಆದರೆ ತೇವ, ಬೆವರು, ಬೂಷ್ಟು ಸೇರಿದರೆ ಎಣ್ಣೆ ಒಡೆಯುತ್ತದೆ. ಅದರೊಳಗಿನ ಕೊಬ್ಬಿನ ಆಮ್ಲಗಳು ಬಿಡಿಯಾಗಿ ಹೊರಗೆ ಬರುತ್ತವೆ. ಅವುಗಳಲ್ಲಿ ಎರಡು ಮೂರಕ್ಕೆ ಕ್ಯಾಪ್ರಿಕ್, ಕ್ಯಾಪ್ರಿಲಿಕ್ ಅಂತ ಹೆಸರು. ಲ್ಯಾಟಿನ್‌ನಲ್ಲಿ ಕಾಪ್ರಾ ಅಂದರೆ ಆಡು. ಆಡಿನ ವಾಸನೆ ಬರುತ್ತದೆ ಅಂತಲೇ ಆ ಹೆಸರು ಇಟ್ಟದ್ದು. ನಿಮ್ಮ ಹೆಂಗಸರು ಮೂಗು ಮುಚ್ಚಿಕೊಂಡದ್ದರಲ್ಲಿ ತಪ್ಪಿಲ್ಲ.

ಈಗ ನಿಮ್ಮ ಪ್ರಯೋಗಕ್ಕೆ ಬರುವ. ವಿನೆಗರ್ ಹುಳಿ, ಅಂದರೆ ಆಮ್ಲ. ಕಮಟು ವಾಸನೆಯದ್ದೂ ಆಮ್ಲವೇ. ಆಮ್ಲಕ್ಕೆ ಆಮ್ಲ ಹಾಕಿದರೆ ಎಂತ ಆಗಬೇಕು? ನಿಂಬೆ, ಬಿಂಬುಳಿ ಕಥೆಯೂ ಅದೇ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ, ಹಿತ್ತಾಳೆಯ ಕಿಲುಬು ಹೋಗುವುದು ಹುಳಿಯಿಂದಲೇ. ಮ್ಯಾಟಿನಲ್ಲಿ ಕಿಲುಬು ಇಲ್ಲವಲ್ಲ. ಅದನ್ನು ಚಟ್ನಿಗೆ ಇಡಿ.

ಅಡುಗೆ ಸೋಡಾ ಕ್ಷಾರ. ಅದು ಆ ಆಮ್ಲವನ್ನು ಹಿಡಿದು ಸಾಬೂನಿನಂಥ ಉಪ್ಪಾಗಿ ಮಾಡುತ್ತದೆ, ನೀರಿನಲ್ಲಿ ಹೋಗುತ್ತದೆ. ಅದೊಂದೇ ಹಾಕಿದ್ದರೆ ಸ್ವಲ್ಪವಾದರೂ ಕೆಲಸ ಆಗುತ್ತಿತ್ತು. ನೀವು ಎರಡನ್ನೂ ಒಂದೇ ಬಾಟಲಿಗೆ ಹಾಕಿದಿರಿ. ಭುಸ್ಸೆಂದ ನೊರೆ ಇದೆಯಲ್ಲ, ಅದು ಅವೆರಡೂ ಪರಸ್ಪರ ಹೊಡೆದಾಡಿ ಸತ್ತ ಸದ್ದು. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಯಿತು, ಬಾಟಲಿಯಲ್ಲಿ ಉಳಿದದ್ದು ಬರೇ ಉಪ್ಪು ನೀರು, ಹೆಚ್ಚಾದ ಯಾವುದೋ ಒಂದು ಸ್ವಲ್ಪ. ಆ ವೀಡಿಯೋ ಮಾಡಿದವರು ನನ್ನ ಕ್ಲಾಸಿನಲ್ಲಿ ಕೂತಿರಲಿಲ್ಲ.

ಹಾಗಾಗಿ ಮೊದಲು ಜಿಡ್ಡು ತೆಗೆಯಿರಿ. ಜಿಡ್ಡಿಗೆ ಬೇಕಾದದ್ದು ನೊರೆ ಬರುವ ವಸ್ತು. ಮನೆಯದ್ದೇ ಬೇಕು ಅಂದರೆ ಅಂಟುವಾಳ. ಅದರ ಸಿಪ್ಪೆಯಲ್ಲಿ ಸಪೋನಿನ್ ಇದೆ, ಸಾಬೂನಿನ ಕೆಲಸ ಅದೇ ಮಾಡುತ್ತದೆ. ಮುಗ್ಗುಲಿನ ವಿಷಯ ಬೇರೆ, ಅದನ್ನು ಆಮೇಲೆ ನೋಡುವ.


ಬಿಜೈ ಬಾಯಿ
ಜುಲೈ 11

ಅಂಟುವಾಳದ ಬಗ್ಗೆ ನಾನು ಹೇಳುತ್ತೇನೆ, ನನ್ನ ರೇಷ್ಮೆ ಸೀರೆಗಳೆಲ್ಲ ಅದರಲ್ಲೇ ತೊಳೆಯುವುದು. ಗ್ರಂಧಿಗೆ ಅಂಗಡಿಯಲ್ಲಿ ಕೇಳಿ, ಬೀಜ ತೆಗೆದದ್ದೇ ಸಿಗುತ್ತದೆ. ಹತ್ತು ಸಿಪ್ಪೆ, ಒಂದು ಲೀಟರ್ ನೀರು, ರಾತ್ರಿ ನೆನೆಹಾಕಿ ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ. ತಣಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಕಣ್ಣಿಗೆ ಹಾರಿದರೆ ಭಾರೀ ಉರಿ, ಜಾಗ್ರತೆ. ಬೇಕಾದಷ್ಟೇ ಮಾಡಿ, ಈ ಹವೆಯಲ್ಲಿ ಮೂರನೇ ದಿನಕ್ಕೆ ಅದೇ ನಾರುತ್ತದೆ. ಆಗ ಮೂರನೇ ವಾಸನೆಗೆ ಮಾಷ್ಟ್ರು ಇನ್ನೊಂದು ಹೆಸರು ಹುಡುಕಬೇಕಾಗುತ್ತದೆ.

ತಿಳಿ ಬಣ್ಣದ ಮ್ಯಾಟಿಗೆ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ, ಕಂದು ಕಲೆ ಕೂರುವುದುಂಟು.


ನೈಟ್ ಡ್ಯೂಟಿ ಸಿಸ್ಟರ್
ಜುಲೈ 11, ಬೆಳಗಿನ ಜಾವ

ಮಂಗಳೂರಿನಲ್ಲಿ ನರ್ಸ್ ನಾನು. ಡ್ಯೂಟಿ ಮುಗಿಸಿ ಇದನ್ನು ಓದುತ್ತಿದ್ದೇನೆ. ಒಂದು ಮಾತು ಹೇಳದೆ ಮಲಗುವ ಹಾಗಿಲ್ಲ.

ಈಗ ಎಲ್ಲರ ಮನೆಯಲ್ಲೂ ಅಂಗಳದ ಪಾಚಿಗೆ ಅಂತ ಬ್ಲೀಚಿಂಗ್ ಪೌಡರ್ ತಂದಿಟ್ಟಿರುತ್ತಾರೆ. ಕಪ್ಪು ಚುಕ್ಕಿ ಕಂಡ ಕೂಡಲೇ ಕೈ ಅದಕ್ಕೇ ಹೋಗುತ್ತದೆ. ವಿನೆಗರ್ ಹಾಕಿದ ಮ್ಯಾಟಿನ ಮೇಲೆ ಅದನ್ನು ಯಾವತ್ತೂ ಹಾಕಬೇಡಿ. ನಿಂಬೆ, ಬಿಂಬುಳಿ, ಯಾವ ಹುಳಿಯ ಜೊತೆಯೂ ಬೇಡ. ಕ್ಲೋರಿನ್ ಗಾಳಿ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಅದು ಆಟ ಅಲ್ಲ, ಉಬ್ಬಸ ಇರುವವರು ಮನೆಯಲ್ಲಿದ್ದರೆ ಕೇಳುವುದೇ ಬೇಡ.

ಇನ್ನೊಂದು. ನಿಮ್ಮ ಏಳು ಮಂದಿಗೂ ಅವರವರದ್ದೇ ಮ್ಯಾಟು ಅಂತ ಗುರುತು ಉಂಟಾ, ಅಲ್ಲ ಕೈಗೆ ಸಿಕ್ಕಿದ್ದು ಹಾಸುವುದಾ? ಮಳೆಗಾಲದಲ್ಲಿ ಗಜಕರ್ಣ ಕಡಿಮೆ ಇರುವುದಿಲ್ಲ. ಅದೂ ಒಂದು ಬಗೆಯ ಬೂಷ್ಟೇ, ಒಬ್ಬರ ಚರ್ಮದಿಂದ ಇನ್ನೊಬ್ಬರಿಗೆ ಮ್ಯಾಟಿನ ಮೂಲಕವೂ ಹೋಗುತ್ತದೆ. ವಿನೆಗರ್, ಸೋಡಾ, ಅಂಟುವಾಳ ಇವೆಲ್ಲ ಕೊಳೆಗೆ, ವಾಸನೆಗೆ ಸರಿ. ಚರ್ಮದ ರೋಗಾಣುವಿಗೆ ಅವನ್ನು ನಂಬಿ ಕೂರಬೇಡಿ. ಯಾರಿಗಾದರೂ ತುರಿಕೆಯ ಉಂಗುರ ಎದ್ದಿದ್ದರೆ ಅವರ ಮ್ಯಾಟು ಬೇರೆ ಇರಲಿ, ಅವರು ಡಾಕ್ಟರಿಗೆ ತೋರಿಸಲಿ.


ಕುಂಜಿಬೆಟ್ಟಿನಕ್ಕ
ಜುಲೈ 11

ಸಿಸ್ಟರ್, ಬ್ಲೀಚಿಂಗ್ ಪೌಡರಿನ ಡಬ್ಬಿ ನಿನ್ನೆಯೇ ಹೊರಗೆ ತೆಗೆದಿಟ್ಟಿದ್ದೆ. ನಿಮ್ಮ ಪುಣ್ಯ. ವಾಪಸ್ ಶೆಡ್ಡಿಗೆ ಹೋಯಿತು. ಗಜಕರ್ಣ ಯಾರಿಗೂ ಇಲ್ಲ, ಒಬ್ಬೊಬ್ಬರನ್ನೇ ಕೇಳಿದೆ. ಬೈಗುಳ ತಿಂದೆ, ಆದರೂ ಕೇಳಿದೆ.


ಕುಂಜಿಬೆಟ್ಟಿನಕ್ಕ
ಜುಲೈ 18

ಒಂದು ವಾರ ಆಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗ ಆಗಬಹುದು.

ಮೊದಲು ನಾಲ್ಕು ಫೋಮಿನ ಮ್ಯಾಟು ಹಿಡಿದೆ. ತಲೆಯ ಕಡೆ ಅಡುಗೆ ಸೋಡಾ ಉದುರಿಸಿ, ಕೈ ನೀರಿನಲ್ಲಿ ಅದ್ದಿ ಚಿಮುಕಿಸಿ, ಅರ್ಧ ಗಂಟೆ ಬಿಟ್ಟೆ. ಬೇಕಿಂಗ್ ಪೌಡರ್ ಅಲ್ಲ, ಸುರತ್ಕಲ್ ಹುಡುಗ ನೆನಪಾಗಿ ಎರಡು ಸಲ ಪ್ಯಾಕೆಟ್ ಓದಿದೆ. ಆಮೇಲೆ ಅಂಟುವಾಳದ ನೀರಿನಲ್ಲಿ ಹಳೇ ಬನಿಯನ್ ಬಟ್ಟೆ ಅದ್ದಿ ಉರುಟುರುಟಾಗಿ ಉಜ್ಜಿದೆ. ತೆಂಗಿನ ನಾರಿನಲ್ಲಿ ಉಜ್ಜಲು ಹೋಗಬೇಡಿ, ಒಂದು ಮ್ಯಾಟಿನ ಮೈ ಕಿತ್ತು ಬಂತು. ಬಟ್ಟೆಗೆ ಬಂದ ಕೊಳೆಯ ಬಣ್ಣ ಹೇಳುವುದಿಲ್ಲ. ಒಂದು ವರ್ಷದಿಂದ ಅದರ ಮೇಲೆ ಹಣೆ ಇಟ್ಟಿದ್ದೇವೆ ಅಂತ ಅಷ್ಟೇ ಹೇಳುತ್ತೇನೆ.

ಬರೇ ನೀರಿನ ಬಟ್ಟೆಯಲ್ಲಿ ಮೂರು ಸಲ ಒರೆಸಬೇಕಾಯಿತು. ಎರಡೇ ಸಲ ಒರೆಸಿದ ಮ್ಯಾಟಿನಲ್ಲಿ ಮರುದಿನ ಅಧೋಮುಖ ಶ್ವಾನಾಸನಕ್ಕೆ ನಿಂತ ನಮ್ಮ ಟೈಲರ್ ಅಕ್ಕ ಮೆಲ್ಲನೆ ಜಾರಿ ಮುಂದೆ ಹೋದರು. ಅಂಟುವಾಳ ಸ್ವಲ್ಪ ಉಳಿದರೂ ಜಾರುತ್ತದೆ. ಪೆಟ್ಟಾಗಲಿಲ್ಲ, ನಗು ನಿಲ್ಲಿಸಲು ಹತ್ತು ನಿಮಿಷ ಬೇಕಾಯಿತು.

ನೀರು ಹಿಂಡಲು ಬೈರಾಸು, ಅಂದರೆ ಟವೆಲ್. ಮ್ಯಾಟಿನ ಮೇಲೆ ಒಣ ಬೈರಾಸು ಹಾಸಿ ಎರಡನ್ನೂ ಒಟ್ಟಿಗೆ ಸುತ್ತಿ ಅದರ ಮೇಲೆ ನಡೆಯುವುದು. ಇದು ನನ್ನದೇ ಉಪಾಯ ಅಂತ ಬೀಗಿದೆ, ಮಗಳು ಫೋನಿನಲ್ಲಿ ಎಲ್ಲರೂ ಹಾಗೇ ಮಾಡುವುದು ಅಂದಳು.

ಇಷ್ಟಕ್ಕೆ ಕಮಟು ಹೋಯಿತು. ನಿಜವಾಗಿ ಹೋಯಿತು. ಎರಡು ವಿಪರೀತದವಕ್ಕೆ ಮಾತ್ರ ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಬೇಕಾಯಿತು.

ಮುಗ್ಗುಲಿಗೆ ಮಾಷ್ಟ್ರು ಫೋನಿನಲ್ಲಿ ಹೇಳಿದ ಹಾಗೆ ಬೇರೆ ದಿನ ವಿನೆಗರ್. ಬಾಯಿ ಹೇಳಿದ ಅಳತೆ, ಒಂದಕ್ಕೆ ನಾಲ್ಕು, ಬಿಳಿಯದ್ದು. ಪಿವಿಸಿ ಮತ್ತು ಫೋಮಿಗೆ ಮಾತ್ರ, ಅಡಿಬದಿಗೆ ಒರೆಸಿ ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ತೆಗೆದೆ. ಪಿವಿಸಿಯಲ್ಲಿ ಚುಕ್ಕಿಗಳು ಹೋದವು. ಫೋಮಿನಲ್ಲಿ ಒಳಗೆ ಇಳಿದದ್ದು ಹಾಗೇ ಉಂಟು, ಬಣ್ಣ ಸ್ವಲ್ಪ ಮಾಸಿತು ಅಷ್ಟೇ. ಒಂದು ಮ್ಯಾಟು ಹತ್ತಿರ ಹತ್ತಿರ ಪೂರ್ತಿ ಕಪ್ಪಾಗಿತ್ತು. ಅದನ್ನು ಬಿಸಾಡಿದೆ.

ಆದರೆ ಅಸಲು ತಪ್ಪು ಗೋಡೆಯದ್ದು, ಅಂದರೆ ನನ್ನದೇ. ನಮ್ಮದು ಮುರಕಲ್ಲಿನ ಹಳೇ ಗೋಡೆ. ಈ ಮಳೆಗೆ ಮುಟ್ಟಿದರೆ ಕೈ ತಣ್ಣಗೆ. ಅದಕ್ಕೆ ಒರಗಿಸಿ, ಅದೂ ಬೆವರು ಆರುವ ಮೊದಲೇ ಬಿಗಿಯಾಗಿ ಸುತ್ತಿ ಇಟ್ಟರೆ ಬೂಷ್ಟು ಬಾರದೆ ಇನ್ನೆಂತ ಬರಬೇಕು? ಈಗ ಚಾವಡಿಯ ಮಾಡಿನ ಅಡ್ಡಕ್ಕೆ ಬಿದಿರಿನ ಗಳ ಕಟ್ಟಿಸಿದ್ದೇನೆ. ಮ್ಯಾಟುಗಳು ಅದರ ಮೇಲೆ ನೇತಾಡುತ್ತವೆ, ಒಂದಕ್ಕೊಂದು ತಾಗದ ಹಾಗೆ. ಕ್ಲಾಸು ಮುಗಿದ ಮೇಲೆ ಒಂದು ಗಂಟೆ ಫ್ಯಾನು. ಕರೆಂಟು ಇದ್ದರೆ. ಸುತ್ತುವ ಪದ್ಧತಿಯನ್ನೇ ಮಳೆ ಹೋಗುವವರೆಗೆ ನಿಲ್ಲಿಸಿದ್ದೇವೆ. ಮನೆಗೆ ಬಂದವರು ಇದೆಂತ, ದಪ್ಪ ದಪ್ಪ ಹಪ್ಪಳ ಒಣಗಿಸಿದ್ದೀರಾ ಅಂತ ಕೇಳುತ್ತಾರೆ.

ಇನ್ನು ರಬ್ಬರ್ ಮ್ಯಾಟಿನ ಕಥೆ. ಬಾಯಿ ಎಚ್ಚರಿಸುವ ಮೊದಲೇ ನಾನು ಅದಕ್ಕೆ ಆ ಅರ್ಧಕ್ಕರ್ಧ ವಿನೆಗರ್ ಹೊಡೆದಿದ್ದೆ. ಅದು ಸಾಲದು ಅಂತ ಬೇಗ ಒಣಗಲಿ ಎಂದು ಬಚ್ಚಲ ಒಲೆಯ ಹತ್ತಿರ, ಮಳೆಗಾಲದಲ್ಲಿ ಬಟ್ಟೆ ಹಾಕುವ ಹಗ್ಗಕ್ಕೆ ಹಾಕಿದ್ದೆ. ಮೂರು ದಿನ ಹೊಗೆ, ಬಿಸಿ. ಈಗ ಅದರ ಮೇಲೆ ನಿಂತರೆ ಅಂಗಾಲಿಗೆ ಕಪ್ಪು ಪುಡಿ ಅಂಟುತ್ತದೆ. ಒಂದು ಮೂಲೆಯಲ್ಲಿ ಸಣ್ಣ ಬಿರುಕು. ಮಗಳಿಗೆ ಇನ್ನೂ ಹೇಳಿಲ್ಲ. ಅವಳು ಚೌತಿಗೆ ಬರುತ್ತಾಳೆ.


ಬಿಜೈ ಬಾಯಿ
ಜುಲೈ 18

ಚೌತಿಗೆ ಇನ್ನೂ ಟೈಮ್ ಉಂಟು. ಆ ಮ್ಯಾಟು ಸದ್ಯಕ್ಕೆ ಬರೇ ನೀರಿನ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಇಡಿ. ಒಂದು ಮಗ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪ್ ಆದರೂ ಆಗಬಹುದು, ಅದಕ್ಕಿಂತ ಜಾಸ್ತಿ ಎಂತದೂ ಬೇಡ. ಹೋದ ರಬ್ಬರ್ ಹೋಯಿತು. ಇದ್ದದ್ದು ಉಳಿಯಲಿ.


ಪರ್ಕಳ ಮಾಷ್ಟ್ರು
ಜುಲೈ 18, ರಾತ್ರಿ

ಎಲ್ಲ ಸರಿ. ಆದರೆ ಎಣ್ಣೆ ನಿಲ್ಲಿಸಿದಿರಾ? ಮೂಲ ನಿಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ನೀವು ಪುನಃ ಇಲ್ಲೇ ಬರೆಯುತ್ತೀರಿ.


ಕುಂಜಿಬೆಟ್ಟಿನಕ್ಕ
ಜುಲೈ 19

ಮಾಷ್ಟ್ರೇ, ಆ ಎರಡು ವಿಪರೀತದ ಮ್ಯಾಟುಗಳಲ್ಲಿ ಒಂದು ಮೂಲೆಮನೆ ದೊಡ್ಡಮ್ಮನದ್ದು. ಎಪ್ಪತ್ತು ದಾಟಿದೆ. ತಲೆಗೆ ಮಾತ್ರ ಅಲ್ಲ, ಮೊಣಕಾಲು, ಮೊಣಕೈ, ಹಿಮ್ಮಡಿಗೆಲ್ಲ ಎಣ್ಣೆ ತಿಕ್ಕಿಕೊಂಡು ಬರುತ್ತಾರೆ. ಯೋಗ ಮುಗಿಸಿ ಹೋಗಿ ಸ್ನಾನ. ಅಭ್ಯಂಗ ಬಿಡಿ ಅಂತ ಅವರಿಗೆ ಹೇಳುವ ಧೈರ್ಯ ಈ ಬೀದಿಯಲ್ಲಿ ಯಾರಿಗೂ ಇಲ್ಲ. ಇನ್ನೊಂದು ಮ್ಯಾಟು ಯಾರದ್ದು ಅಂತ ಕೇಳಬೇಡಿ. ನಾನೂ ಎಣ್ಣೆ ಹಾಕುವವಳೇ.

ಅದಕ್ಕೆ ಹೀಗೆ ಮಾಡಿದೆವು. ಎಲ್ಲರೂ ಒಂದು ಹತ್ತಿ ಬೈರಾಸು ತಂದು ಮ್ಯಾಟಿನ ಮೇಲೆ ಹಾಸುವುದು, ವಾರಕ್ಕೆರಡು ಸಲ ಅವರವರು ಬಿಸಿನೀರಿನಲ್ಲಿ ಒಗೆಯುವುದು. ದೊಡ್ಡಮ್ಮ ಮರೆಯುತ್ತಾರೆ ಅಂತ ನಾನೇ ನಮ್ಮ ಮನೆಯ ಒಂದು ಹೊಸ ಬೈರಾಸು ಅವರ ಮ್ಯಾಟಿನ ಮೇಲೆ ಹಾಸಿಟ್ಟೆ. ಕ್ಲಾಸು ಮುಗಿದ ಮೇಲೆ ಅವರು ಅದನ್ನು ಚೆಂದ ಮಡಚಿ, ಇದೆಲ್ಲ ಯಾಕೆ ಮಾರಾಯ್ತಿ, ಒಳ್ಳೆ ದಪ್ಪ ಉಂಟು ಅಂತ ಹೇಳಿ ಮನೆಗೆ ತೆಗೆದುಕೊಂಡು ಹೋದರು.

ನಾಳೆಗೆ ಇನ್ನೊಂದು ತೆಗೆದಿಟ್ಟಿದ್ದೇನೆ. ಹಳೆಯದ್ದು.